ಮೇಷ್ಟ್ರು ಸಾಯದ ರೀಮೇಕ್

ಲಂಡನ್ನಿನ ಎಜ್‌ವೇರ್‌ನ ಶ್ರೀಲತಾ ಬೆಳಗ್ಗೆ ಕಾಫಿ ಕುಡಿದು, ಟ್ಯೂಬ್ ರೈಲು ಹತ್ತಿ ಕೆಲಸಕ್ಕೆ ಹೋದಳೆಂದರೆ ಮಧ್ಯಾಹ್ನದ ಊಟದೊಳಗೆ ನಾಲ್ಕೈದು ಜನರನ್ನಾದರೂ ಕೊಂದು ಮುಗಿಸುತ್ತಿದ್ದಳು. ಗಾಬರಿಯಾಗಬೇಡಿ, ಬಾಯಿಮಾತಿನಲ್ಲಿ ಅಷ್ಟೇ. ಕಣ್ಣು ಕಾಣದವರು ಸಿನಿಮಾಗೆ ಹೋದಾಗ ಅವರ ಹೆಡ್‌ಫೋನಿನಲ್ಲಿ ಒಂದು ದನಿ ಕೇಳಿಸುತ್ತದೆ. ಯಾರು ಬಂದರು, ಎಂಥ ಕೋಟು ತೊಟ್ಟಿದ್ದಾರೆ, ಕೈಯಲ್ಲಿರುವುದು ಹೂವೋ ಚಾಕುವೋ ಎಂದು ಪಾತ್ರಗಳ ಮಾತಿನ ನಡುವಿನ ಸಂದಿಯಲ್ಲಿ ಹೇಳಿ ಮುಗಿಸುವ ದನಿ. ಆ ವಿವರಣೆಯನ್ನು ಬರೆಯುವುದು, ಒಮ್ಮೊಮ್ಮೆ ತಾನೇ ಓದಿ ರೆಕಾರ್ಡ್ ಮಾಡುವುದು ಅವಳ ಉದ್ಯೋಗ. ಗುಂಡು ಹಣೆಗೆ ಬಿದ್ದರೆ ಹಣೆಗೆ ಎನ್ನಬೇಕು, ರಕ್ತ ಗೋಡೆಗೆ ಚಿಮ್ಮಿದರೆ ಗೋಡೆಗೆ ಎನ್ನಬೇಕು. ಅದರಲ್ಲಿ ಮುಚ್ಚುಮರೆ ನಡೆಯುವುದಿಲ್ಲ.

ಮೈಸೂರಿನ ಹುಡುಗಿ. ಕಾಲೇಜಿನ ದಿನಗಳಲ್ಲಿ ರೇಡಿಯೋದ ಯುವಜನರ ಕಾರ್ಯಕ್ರಮದಲ್ಲಿ ಮಾತಾಡಿ ಬೀದಿಯವರಿಂದೆಲ್ಲ ಹೊಗಳಿಸಿಕೊಂಡಿದ್ದಳು. ಮದುವೆಯಾಗಿ, ಗಂಡ ಮುಕುಂದನ ಕೆಲಸದ ವೀಸಾದ ಬಾಲ ಹಿಡಿದು ಲಂಡನ್ನಿಗೆ ಬಂದ ಮೇಲೆ ಆ ದನಿಗೆ ಬೆಂಡೆಕಾಯಿ ಎಳೆಯದಿದೆಯೇ ಎಂದು ಅಂಗಡಿಯವನನ್ನು ಕೇಳುವುದಷ್ಟೇ ಕೆಲಸವಾಯಿತು. ಮಗ ಅಚಿಂತ್ಯ ಶಾಲೆಗೆ ಹೋಗತೊಡಗಿದಾಗ, ಕಣ್ಣಿಲ್ಲದವರಿಗಾಗಿ ಸ್ಥಳೀಯ ಪತ್ರಿಕೆಯನ್ನು ಓದಿ ರೆಕಾರ್ಡ್ ಮಾಡುವ ಪುಕ್ಕಟೆ ಸೇವೆಗೆ ಲೈಬ್ರರಿಯಲ್ಲಿ ಹೆಸರು ಕೊಟ್ಟಳು. ಅಲ್ಲಿ ಕೇಳಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಕೊನೆಗೆ ಸೋಹೋದ ಸಣ್ಣ ಸ್ಟುಡಿಯೋ ಒಂದರಲ್ಲಿ ಕುರ್ಚಿ ಸಿಕ್ಕಿತು. ಆಗಿನ್ನೂ ಮುಕುಂದನ ಕಣ್ಣು ಚೆನ್ನಾಗಿತ್ತು. ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಅವನು ಹೆಂಡತಿಯ ಕೆಲಸವನ್ನು ಕುರುಡು ಸಿನಿಮಾ ಎಂದು ಕರೆದು ಗೆಳೆಯರ ಮುಂದೆ ತಮಾಷೆ ಮಾಡುತ್ತಿದ್ದ. ಶ್ರೀಲತಾ ತಕ್ಷಣ, "ಬಿಡ್ತು ಅನ್ನಿ" ಎನ್ನುತ್ತಿದ್ದಳು.

ಆ "ಬಿಡ್ತು ಅನ್ನಿ" ಅವಳಿಗೆ ಅಜ್ಜಿಯಿಂದ ಬಂದ ಆಸ್ತಿ. ಮನೆಯೊಳಗೆ ಅಸ್ತು ದೇವತೆಗಳು ಸದಾ ಸುಳಿದಾಡುತ್ತಿರುತ್ತವೆ, ನಾವು ಬಾಯಿಬಿಟ್ಟು ಏನಾದರೂ ಕೆಟ್ಟದ್ದು ಅಂದರೆ ಹಿಂದೆಮುಂದೆ ನೋಡದೆ "ಅಸ್ತು" ಅಂದುಬಿಡುತ್ತವೆ, ಹಾಗೇ ಆಗಿಬಿಡುತ್ತದೆ ಎಂದು ಅಜ್ಜಿ ಹೆದರಿಸಿದ್ದಳು. ಆ ಮನೆಯಲ್ಲಿ ಅಕ್ಕಿ ಮುಗಿಯುತ್ತಿರಲಿಲ್ಲ, ಅಕ್ಕಿ ತರಬೇಕಾಗುತ್ತಿತ್ತು. ದೀಪ ಆರುತ್ತಿರಲಿಲ್ಲ, ಶಾಂತವಾಗುತ್ತಿತ್ತು. ಶ್ರೀಲತಾ ಓದಿದವಳು, ಇದನ್ನೆಲ್ಲ ನಂಬುತ್ತೀಯಾ ಎಂದರೆ ನಕ್ಕುಬಿಡುತ್ತಿದ್ದಳು. ಆದರೆ ನಂಬಿಕೆ ತಲೆಯಲ್ಲಿರಲಿಲ್ಲ, ನಾಲಿಗೆಯಲ್ಲಿತ್ತು. ಕನ್ನಡದಲ್ಲಿ ಕೆಟ್ಟದ್ದನ್ನು ಹೇಳಲು ಹೋದರೆ ಅದು ತಾನಾಗಿಯೇ ತಿರುಗಿಕೊಳ್ಳುತ್ತಿತ್ತು. ಇಂಗ್ಲಿಷಿನಲ್ಲಿ ಆ ತೊಂದರೆಯೇ ಇಲ್ಲ. ಮೈಸೂರಿನ ಅಸ್ತು ದೇವತೆಗಳಿಗೆ ಇಂಗ್ಲಿಷ್ ಎಲ್ಲಿ ಬರಬೇಕು? ಸ್ಟುಡಿಯೋದಲ್ಲಿ ಅವಳಿಗೆ ಪಾಠ ಹೇಳಿದ ಸ್ಕಾಟ್‌ಲೆಂಡಿನ ಹೆಂಗಸು ಮೊದಲ ದಿನವೇ, ಕಂಡದ್ದನ್ನು ಹೇಳು, ಅನ್ನಿಸಿದ್ದನ್ನು ಹೇಳಬೇಡ, ಏನನ್ನೂ ಬಚ್ಚಿಡಬೇಡ, ನಿನ್ನನ್ನು ಬಿಟ್ಟರೆ ಅವರಿಗೆ ಬೇರೆ ಕಣ್ಣಿಲ್ಲ ಎಂದಿದ್ದಳು. ಅದನ್ನು ಶ್ರೀಲತಾ ಇಂಗ್ಲಿಷಿನಲ್ಲಿ ಚಾಚೂ ತಪ್ಪದೆ ಪಾಲಿಸಿದಳು.

ಮುಕುಂದನಿಗೆ ಸಕ್ಕರೆ ಕಾಯಿಲೆ ಇತ್ತು, ಅದರ ಬಗ್ಗೆ ಉಡಾಫೆಯೂ ಇತ್ತು. ಬಡಾವಣೆಯ ಡಾಕ್ಟರು ಹೇಳಿದ ಕಣ್ಣಿನ ಪರೀಕ್ಷೆಗಳನ್ನು ಆಫೀಸಿನ ನೆಪ ಹೇಳಿ ಮುಂದೂಡುತ್ತಲೇ ಹೋದ. ಬಲಗಣ್ಣು ಹೋದಾಗ ಎಡಗಣ್ಣಿದೆ ಎಂದ. ಎಡಗಣ್ಣಿನ ಒಳಗೆ ರೆಟಿನಾ ಪರದೆ ಹರಿದು ಎರಡು ಸಲ ಆಪರೇಷನ್ ಆಯಿತು. ಎರಡನೆಯದು ಆದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ, ಊತ ಇಳಿಯಲಿ, ನೋಡೋಣ, ಹೆಚ್ಚು ಆಸೆ ಇಟ್ಟುಕೊಳ್ಳುವುದು ಬೇಡ ಎಂದು ಮೆತ್ತಗೆ ಹೇಳಿದರು. ಮುಕುಂದನಿಗೆ ಮಾತು ಕೇಳಿಸಿತು, ಮುಖ ಕಾಣಿಸಲಿಲ್ಲ. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಹೆಂಡತಿಯ ಕೈ ಹಿಡಿದುಕೊಂಡು, ಇಲ್ಲಿನ ಡಾಕ್ಟರುಗಳ ಮಾತು ಬಿಡು, ಕೇಸು ಬೀಳುತ್ತದೆಂದು ಹೆದರಿ ಮಾತಾಡುತ್ತಾರೆ, ಅವರ ಮುಖ ಹೇಗಿತ್ತು ಅದನ್ನು ಹೇಳು ಎಂದ.

"ನಗ್ತಾ ಇದ್ರು" ಎಂದಳು ಶ್ರೀಲತಾ.

ಡಾಕ್ಟರು ನಕ್ಕಿರಲಿಲ್ಲ. ಆದರೆ ಕನ್ನಡದಲ್ಲಿ, ಅದೂ ಕಟ್ಟಿಕೊಂಡ ಗಂಡನ ಕಿವಿಗೆ, ನಿಮ್ಮ ಕಣ್ಣು ಹೋಯಿತು ಎನ್ನುವ ಮಾತು ಅವಳ ನಾಲಿಗೆಗೆ ಬರಲಿಲ್ಲ. ಇವತ್ತೊಂದು ದಿನ ಸಮಾಧಾನವಾಗಿರಲಿ, ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಮುಕುಂದ ಆ ಒಂದು ನಗುವಿನ ಮೇಲೆ ಮನೆ ಕಟ್ಟಿಕೊಂಡು ಕೂತ. ಸ್ಥಳೀಯ ಆಡಳಿತದ ಕೌನ್ಸಿಲ್‌ನಿಂದ ಬಂದ ಹೆಂಗಸು ಬಿಳಿ ಕೋಲು ಕೊಟ್ಟು ನಡೆಯುವುದನ್ನು ಕಲಿಸುತ್ತೇನೆ ಎಂದರೆ ಬೇಡವೆಂದ. ಕೋಲು ಮೆಟ್ಟಿಲ ಕೆಳಗಿನ ಕಪಾಟು ಸೇರಿತು. ಮಾತಾಡುವ ಕಂಪ್ಯೂಟರನ್ನು ಕಲಿಯಲಿಲ್ಲ. ಕಾರು ಮಾರಲು ಬಿಡಲಿಲ್ಲ, ಭಾನುವಾರಕ್ಕೊಮ್ಮೆ ಹೋಗಿ ಅದರ ಬಾನೆಟ್ ಸವರಿ ಬರುತ್ತಿದ್ದ. ಊತ ಇಳಿದರೆ ಸರಿಹೋಗುತ್ತದೆ, ಡಾಕ್ಟರು ಸುಮ್ಮನೆ ನಗುತ್ತಾರಾ ಎಂದು ಫೋನು ಮಾಡಿದವರಿಗೆಲ್ಲ ಹೇಳುತ್ತಿದ್ದ. ಒಂದೊಂದು ಸಲ ಕೇಳಿಸಿಕೊಂಡಾಗಲೂ ಶ್ರೀಲತಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ತಾನು ಹೇಳಿದ ಸುಳ್ಳಿಗೆ ಈಗ ಗಂಡನೇ ನೀರೆರೆದು ಬೆಳೆಸುತ್ತಿದ್ದಾನೆ, ಅದನ್ನು ಕೀಳುವುದು ಹೇಗೆ?

ಹೀಗಿರುವಾಗ ಸ್ಟುಡಿಯೋಗೆ ಒಂದು ಅಮೆರಿಕನ್ ಚಿತ್ರ ಬಂತು. ಯುರೋಪಿನ ಹಳೆಯ ಚಿತ್ರವೊಂದರ ರೀಮೇಕ್. ಬೀದಿಯಲ್ಲಿ ಬೆಳೆದ ಪುಂಡು ಹುಡುಗಿಯೊಬ್ಬಳನ್ನು ಗುಪ್ತ ಇಲಾಖೆಯವರು ಜೈಲಿನಿಂದ ಎತ್ತಿಕೊಂಡು ಹೋಗಿ ಕೊಲೆಗಾರ್ತಿಯನ್ನಾಗಿ ತಯಾರು ಮಾಡುತ್ತಾರೆ. ಬೂದು ಕೋಟಿನ ಮುದುಕ ಮೇಷ್ಟ್ರು ಅವಳಿಗೆ ಗುರಿ ಇಡುವುದನ್ನು ಕಲಿಸುತ್ತಾನೆ, ಜೊತೆಗೆ ದೊಡ್ಡವರ ಔತಣದಲ್ಲಿ ಚಮಚ ಹಿಡಿಯುವುದನ್ನೂ, ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದನ್ನೂ ಕಲಿಸುತ್ತಾನೆ. ಹೊರಗೆ ಬಂದವಳು ಬೇಕರಿಯ ಹುಡುಗನೊಬ್ಬನನ್ನು ಪ್ರೀತಿಸಿ, ತಾನು ಟ್ರಾವೆಲ್ ಆಫೀಸಿನಲ್ಲಿದ್ದೇನೆ ಎಂದು ಅವನನ್ನು ನಂಬಿಸುತ್ತಾಳೆ. ಕೊನೆಗೆ ಮೇಷ್ಟ್ರನ್ನೇ ಮುಗಿಸು ಎಂದು ಮೇಲಿನಿಂದ ಅಪ್ಪಣೆಯಾಗುತ್ತದೆ. ಕೊಳದ ಪಕ್ಕದ ಬೆಂಚಿನ ಮೇಲೆ ಬಾತುಕೋಳಿಗಳಿಗೆ ಬ್ರೆಡ್ಡು ಹಾಕುತ್ತಾ ಕೂತ ಮೇಷ್ಟ್ರಿಗೆ ಅವಳು ಗುಂಡು ಹೊಡೆಯುತ್ತಾಳೆ. ಅವನು ಕೂತಲ್ಲೇ ಸಾಯುತ್ತಾನೆ.

ಶ್ರೀಲತಾ ಆ ಚಿತ್ರದೊಡನೆ ಬಹಳ ದಿನ ಕೂತಿದ್ದಳು. ಹುಡುಗಿ ಬೇಕರಿಯವನ ಮುಂದೆ ಸುಳ್ಳು ಹೇಳುವ ದೃಶ್ಯವನ್ನು ಬರೆಯುವಾಗ ಅವಳಿಗೊಂದು ವಿಚಾರ ಹೊಳೆಯಿತು. ಆ ಹುಡುಗಿಯದು ಸುಳ್ಳಿನ ಕೆಲಸ, ಅದು ಮನೆಗೂ ಬಂತು. ತನ್ನದು ಸತ್ಯ ಹೇಳುವ ಕೆಲಸ, ಅದೇಕೆ ಮನೆಯ ತನಕ ಬರಲಿಲ್ಲ? ಕೊನೆಯ ದೃಶ್ಯಕ್ಕೆ ಅವಳು ಬರೆದದ್ದು ಇಷ್ಟೇ: ಬ್ರೆಡ್ಡು ಕೈಯಿಂದ ಜಾರುತ್ತದೆ. ಕಣ್ಣುಗಳು ತೆರೆದೇ ಇವೆ. ಅವುಗಳಲ್ಲಿ ನೋಟವಿಲ್ಲ. ಓದಿದ್ದೂ ಅವಳೇ, ಒಂದೇ ಸಲಕ್ಕೆ, ಎಲ್ಲೂ ತಡವರಿಸದೆ.

ಚಿತ್ರ ಬಿಡುಗಡೆಯಾದಾಗ ಮುಕುಂದ ತಾನೂ ನೋಡಬೇಕೆಂದ. ಮೂಲ ಚಿತ್ರವನ್ನು ಬೆಂಗಳೂರಿನಲ್ಲಿ ಓದುವಾಗ ಫಿಲ್ಮ್ ಸೊಸೈಟಿಯಲ್ಲಿ ನೋಡಿದ್ದನಂತೆ. ಥಿಯೇಟರಿನ ಹುಡುಗಿ ವಿವರಣೆಯ ಹೆಡ್‌ಫೋನು ತಂದುಕೊಟ್ಟರೆ ಮುಟ್ಟಲಿಲ್ಲ. ಅದೆಲ್ಲ ಪೂರ್ತಿ ಕಣ್ಣು ಹೋದವರಿಗೆ, ತನಗೆ ಇನ್ನೇನು ಸರಿಹೋಗುತ್ತದಲ್ಲ, ಅಲ್ಲಿಯತನಕ ನೀನೇ ಹೇಳು ಎಂದ. ಬೆಳಗಿನ ಆಟ, ಸಭಾಂಗಣ ಬಹುತೇಕ ಖಾಲಿ. ಶ್ರೀಲತಾ ಅವನ ಕಿವಿಗೆ ಬಾಯಿಟ್ಟು ಕನ್ನಡದಲ್ಲಿ ಪಿಸುಗುಟ್ಟುತ್ತಾ ಹೋದಳು. ಕೊಳದ ದೃಶ್ಯ ಬಂತು. ಗುಂಡಿನ ಸದ್ದು ಮೆತ್ತಗೆ ಕೇಳಿಸಿತು, ಆಮೇಲೆ ಬರೀ ಸಂಗೀತ. ಕಣ್ಣು ತೆರೆದೇ ಇದೆ, ನೋಟವಿಲ್ಲ ಎನ್ನುವ ಮಾತನ್ನು ಈ ಕಿವಿಗೆ ಹೇಗೆ ಹೇಳುವುದು? ನಾಲಿಗೆ ಎಂದಿನಂತೆ ತಿರುಗಿಕೊಂಡಿತು. ಗುಂಡು ಮರಕ್ಕೆ ಬಿತ್ತು, ಮೇಷ್ಟ್ರು ಎದ್ದು ಕೊಳದ ಆಚೆ ನಡೆದುಕೊಂಡು ಹೋಗುತ್ತಿದ್ದಾರೆ ಎಂದುಬಿಟ್ಟಳು.

"ಮೂಲದಲ್ಲಿ ಅವನು ಸಾಯ್ತಾನಲ್ಲ?" ಎಂದ ಮುಕುಂದ.

"ಇದು ರೀಮೇಕ್ ಅಲ್ವಾ. ಅಮೆರಿಕದವರು ಬದಲಾಯಿಸಿದ್ದಾರೆ" ಎಂದಳು.

ಪಾಪ, ಅಮೆರಿಕದವರು ಏನನ್ನೂ ಬದಲಾಯಿಸಿರಲಿಲ್ಲ. ರೀಮೇಕ್ ಮಾಡಿದವಳು ಶ್ರೀಲತಾ.

ಮುಕುಂದನಿಗೆ ಕೋಪ ಬಂತು. ಅಂಥ ಕೊನೆಯನ್ನು ಕೆಡಿಸಿದರಲ್ಲ ಎಂದು ಕಿಂಗ್ಸ್‌ಬರಿಯಲ್ಲಿರುವ ಹಳೆಯ ಸಹೋದ್ಯೋಗಿ ಜಗನ್ನಾಥನಿಗೆ ಫೋನು ಮಾಡಿ ಅಮೆರಿಕದವರನ್ನು ಬೈದ. ಜಗನ್ನಾಥ ಸಿನಿಮಾ ಹುಚ್ಚಿನವನು, ಆಗಲೇ ನೋಡಿಬಂದಿದ್ದ. ಮೇಷ್ಟ್ರು ಸಾಯುತ್ತಾನಪ್ಪ, ನೀನು ಯಾವ ಸಿನಿಮಾಗೆ ಹೋಗಿದ್ದೆ ಎಂದ. ಮುಕುಂದ ಬಿಡಲಿಲ್ಲ. ಅದರ ವಿವರಣೆ ಬರೆದವಳೇ ನನ್ನ ಹೆಂಡತಿ, ಅವಳಿಗಿಂತ ನಿನಗೆ ಹೆಚ್ಚು ಗೊತ್ತಾ ಎಂದು ದಬಾಯಿಸಿದ. ವಾದ ತಿಂಗಳುಗಟ್ಟಲೆ ನಡೆಯಿತು. ಇಬ್ಬರಿಗೂ ಅದೊಂದು ಖುಷಿಯಾಗಿತ್ತು. ಶ್ರೀಲತಾ ಮಾತ್ರ ಜಗನ್ನಾಥನ ಹೆಸರು ಕೇಳಿದರೆ ಅಡುಗೆಮನೆಗೆ ಸರಿದುಬಿಡುತ್ತಿದ್ದಳು.

ಬೇಕೆಂದಾಗ ಹಾಕಿಕೊಂಡು ನೋಡುವ ಹಾಗೆ ಚಿತ್ರ ಟಿವಿಗೆ ಬಂತು. ಒಂದು ಭಾನುವಾರ ಮಧ್ಯಾಹ್ನ ಜಗನ್ನಾಥ ಇವತ್ತು ತೀರ್ಮಾನ ಆಗಿಯೇಬಿಡಲಿ ಎಂದು ಬಂದು ಕೂತ. ಶ್ರೀಲತಾ ಒಳಗೆ ಗೊಜ್ಜವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಟಿವಿಯಲ್ಲಿ ವಿವರಣೆಯ ದನಿಯನ್ನೂ ಹಾಕಬಹುದೆಂದು ಜಗನ್ನಾಥನಿಗೆ ಗೊತ್ತಿತ್ತು. ನಾನು ಹೇಳಿದರೆ ನಂಬಲ್ಲ, ಬರೆದವರ ಬಾಯಿಂದಲೇ ಕೇಳು ಎಂದು ರಿಮೋಟ್ ಒತ್ತಿ, ನೇರವಾಗಿ ಕೊಳದ ದೃಶ್ಯಕ್ಕೆ ಓಡಿಸಿದ. ಹಜಾರದಿಂದ ತನ್ನದೇ ದನಿ ಬರುತ್ತಿದ್ದುದನ್ನು ಕೇಳಿ ಶ್ರೀಲತಾ ಒಲೆ ಆರಿಸಿ ಬಾಗಿಲಿಗೆ ಬಂದಳು. ಬ್ರೆಡ್ಡು ಕೈಯಿಂದ ಜಾರುತ್ತದೆ ಎಂದಿತು ಆ ದನಿ, ಇಂಗ್ಲಿಷಿನಲ್ಲಿ. ಕಣ್ಣುಗಳು ತೆರೆದೇ ಇವೆ. ಅವುಗಳಲ್ಲಿ ನೋಟವಿಲ್ಲ.

ಜಗನ್ನಾಥ ಗೆದ್ದೆ ಎಂದು ನಗಲು ಹೊರಟವನು ಗೆಳೆಯನ ಮುಖ ನೋಡಿ ರಿಮೋಟನ್ನು ಅವನ ಪಕ್ಕಕ್ಕಿಟ್ಟ. ಸ್ವಲ್ಪ ಹೊತ್ತು ಕೂತು, ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಏನೋ ಕೆಲಸವಿದೆ, ಹೋಗಿಬರುತ್ತೇನೆ ಎಂದು ಎದ್ದ. ಶ್ರೀಲತಾ ಅವನನ್ನು ಕಳಿಸಿ ಬಾಗಿಲು ಹಾಕಿಕೊಂಡು ಬರುವಷ್ಟರಲ್ಲಿ ಮುಕುಂದ ಟಿವಿ ಆಫ್ ಮಾಡಿದ್ದ. ಅವನು ಸಿನಿಮಾದ ಮಾತೆತ್ತಲಿಲ್ಲ.

"ಡಾಕ್ಟರ್ ನಕ್ಕಿದ್ರಾ, ಶ್ರೀಲತಾ?" ಎಂದ.

ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ಅದರಲ್ಲಾದರೆ ಹೇಳಲು ಬರುತ್ತಿತ್ತು. ಮುಕುಂದ ಕೈ ಎತ್ತಿ ತಡೆದ.

"ಕನ್ನಡದಲ್ಲಿ ಹೇಳು. ಸುಳ್ಳು ಹೇಳಿದ್ದು ಕನ್ನಡದಲ್ಲಿ ತಾನೇ."

ಶ್ರೀಲತಾ ಅವನೆದುರು ನೆಲದ ಮೇಲೆ ಕೂತಳು. ಅಜ್ಜಿ, ದೇವತೆಗಳು, ಯಾರನ್ನೂ ನೆನೆಯಲಿಲ್ಲ. ಕೆಲಸದಲ್ಲಿ ಹೇಳುವ ಹಾಗೆ, ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದಳು.

"ನಗ್ಲಿಲ್ಲ. ಸ್ಕ್ರೀನ್ ನೋಡಿದ್ರು. ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ನಿಮ್ಮ ಮುಖ ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ, ಇಲ್ಲ ಅಂತ ತಲೆ ಆಡಿಸಿದ್ರು. ಮೇಜಿನ ಮೇಲೆ ಟಿಶ್ಯೂ ಡಬ್ಬಿ ಇತ್ತು. ಅದನ್ನ ನನ್ನ ಕಡೆ ತಳ್ಳಿದ್ರು."

"ನೀನು ತಗೊಂಡ್ಯಾ?"

"ಎರಡು ತಗೊಂಡೆ. ನಿಮಗೆ ಸದ್ದು ಕೇಳಿಸದ ಹಾಗೆ."

ಮುಕುಂದ ಬೈಯುತ್ತಾನೆಂದು ಶ್ರೀಲತಾ ಕಾದಳು, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಎದ್ದು, ಗೋಡೆ ಸವರಿಕೊಂಡು ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಮೆಟ್ಟಿಲ ಕೆಳಗೆ ನಿಂತ ಶ್ರೀಲತಾಳಿಗೆ ಅವನು ಅಳುವುದು ಕೇಳಿಸಿತು. ಆ ಅಳುವಿನಲ್ಲಿ ಕಣ್ಣಿನದೆಷ್ಟು, ತನ್ನದೆಷ್ಟು ಎಂದು ಅವಳಿಗೆ ತಿಳಿಯಲಿಲ್ಲ.

ಮರುದಿನ ಅವನೇ ಕೌನ್ಸಿಲ್‌ಗೆ ಫೋನು ಮಾಡಿದ. ಕೋಲು ಕಪಾಟಿನಿಂದ ಹೊರಗೆ ಬಂತು, ಕಾರು ಮಾರಿಹೋಯಿತು. ಎಲ್ಲವನ್ನೂ ಬೇಗ ಬೇಗ ಕಲಿತ. ಆದರೆ ಹೆಂಡತಿಯ ಕಣ್ಣನ್ನು ಮಾತ್ರ ನಂಬುವುದನ್ನು ಬಿಟ್ಟ. ಕಾಫಿ ಬಿಸಿಯಿದೆ ಎಂದರೆ ಲೋಟ ಮುಟ್ಟಿ ನೋಡುತ್ತಿದ್ದ. ಹೊರಗೆ ಮೋಡವಿದೆ ಎಂದರೆ ಪಕ್ಕದ ಮನೆಯ ಗುಜರಾತಿ ಅಂಕಲ್‌ನನ್ನು ಕೂಗಿ ಕೇಳುತ್ತಿದ್ದ. ಸಿಗ್ನಲ್ ಇರುವ ಕಡೆ, ರಸ್ತೆ ದಾಟುವವರು ಒತ್ತುವ ಗುಂಡಿಯ ಡಬ್ಬಿಯ ಕೆಳಗೆ ಕಣ್ಣಿಲ್ಲದವರಿಗೆಂದೇ ಒಂದು ಪುಟ್ಟ ತಿರುಪು ಇರುತ್ತದೆ, ಹಸಿರು ಬಂದಾಗ ತಿರುಗುತ್ತದೆ. ಶ್ರೀಲತಾ ಪಕ್ಕದಲ್ಲೇ ನಿಂತು ಹಸಿರು ಬಂತು ಎಂದರೂ ಅವನ ಬೆರಳು ಆ ತಿರುಪು ತಿರುಗುವುದನ್ನೇ ಕಾಯುತ್ತಿತ್ತು. ಸಿಗ್ನಲ್ ಇಲ್ಲದ ಕಡೆ ದಾರಿಹೋಕರನ್ನು ಕೇಳುತ್ತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಪ್ಲಾಸ್ಟಿಕ್ ತಿರುಪಿಗಿರುವ ಮರ್ಯಾದೆ ತನಗಿಲ್ಲದೆ ಹೋಯಿತೆಂದು ಅವಳಿಗೆ ಸಂಕಟವಾಯಿತು. ತಪ್ಪು ತನ್ನದೆಂದು ಗೊತ್ತಿದ್ದುದರಿಂದ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಅವಳು ಕೆಟ್ಟದ್ದನ್ನು ಕನ್ನಡದಲ್ಲಿ ಹೇಳುವುದನ್ನು ಕಲಿಯತೊಡಗಿದಳು. ಮೊದಮೊದಲು ಅತಿಯಾಯಿತು. ಶರ್ಟಿನ ಮೇಲೆ ಸಾರಿನ ಕಲೆಯಿದೆ, ಕುತ್ತಿಗೆ ಹತ್ತಿರ ಕ್ಷೌರ ಸರಿಯಾಗಿಲ್ಲ, ಕನ್ನಡ ಸಂಘದ ಊಟದಲ್ಲಿ ಇಬ್ಬರು ನಿಮ್ಮನ್ನು ನೋಡಿ ಬೇರೆ ಟೇಬಲ್ಲಿಗೆ ಹೋದರು ಎಂದೆಲ್ಲ ಹೇಳಿ ಅವನ ತಲೆ ತಿಂದಳು. ಒಂದು ಸಂಜೆ ಲೀಡ್ಸ್‌ನಲ್ಲಿ ಕೆಲಸ ಮಾಡುವ ಅಚಿಂತ್ಯ ವಿಡಿಯೋ ಕಾಲ್ ಮಾಡಿದ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾ, ಅಪ್ಪನ ಬಿಳಿ ಕೋಲಿನ ಬಗ್ಗೆ ಜೋಕು ಮಾಡಿ ನಗಿಸಿದ. ಫೋನಿಟ್ಟ ಮೇಲೆ ಹುಡುಗ ಗಟ್ಟಿಯಾಗಿದ್ದಾನೆ ಎಂದು ಮುಕುಂದ ಹೆಮ್ಮೆಪಟ್ಟ. ಅವನ ಸಂತೋಷ ಕೆಡಿಸಲು ಶ್ರೀಲತಾಳಿಗೆ ಮನಸ್ಸಿರಲಿಲ್ಲ. ಆದರೂ ಹೇಳಿದಳು. ನಗುತ್ತಿರುವಾಗ ಅಚಿಂತ್ಯನ ಕಣ್ಣಿಂದ ನೀರು ಇಳಿಯುತ್ತಿತ್ತು, ತೋಳಿನಿಂದ ಒರೆಸಿಕೊಳ್ಳುತ್ತಿದ್ದ ಎಂದಳು. ಮುಕುಂದ ಮಾರನೆಯ ದಿನ ಮಗನಿಗೆ ಫೋನು ಮಾಡಿ ಕೇಳಿದ, ಹುಡುಗ ಒಪ್ಪಿಕೊಂಡ, ಅಪ್ಪ ಮಗ ಬಹಳ ಹೊತ್ತು ಮಾತಾಡಿದರು. ಅವತ್ತು ಮಧ್ಯಾಹ್ನ ಮುಕುಂದ ಲೋಟವನ್ನು ಮುಟ್ಟಿ ನೋಡದೆ ಕಾಫಿ ಕುಡಿದ. ಅದು ಮರೆವೋ ಬೇಕೆಂದು ಮಾಡಿದ್ದೋ ಎಂದು ಶ್ರೀಲತಾ ಕೇಳಲು ಹೋಗಲಿಲ್ಲ.

ನವೆಂಬರಿನ ಒಂದು ದಿನ ಇಬ್ಬರೂ ಇನ್ಸುಲಿನ್ ತರಲು ಔಷಧಿ ಅಂಗಡಿಗೆ ಹೊರಟರು. ಎಂದಿನ ದಾರಿಯಲ್ಲಿ ನೀರಿನ ಪೈಪಿಗಾಗಿ ಅಗೆದಿದ್ದರು. ಬಳಸಿಕೊಂಡು ಹೋಗಬೇಕಾಯಿತು. ಎದುರಾದದ್ದು ಸಿಗ್ನಲ್ ಇಲ್ಲದ ರಸ್ತೆ. ಮುಕುಂದ ಪಾದಚಾರಿ ದಾರಿಯ ಅಂಚಿನಲ್ಲಿ ನಿಂತು ಕಿವಿಗೊಟ್ಟ. ಈಗಿನ ಬ್ಯಾಟರಿ ಕಾರುಗಳು ಸದ್ದೇ ಮಾಡುವುದಿಲ್ಲ, ಬರೀ ಕಿವಿಯನ್ನು ನಂಬಬೇಡಿ ಎಂದು ಕೋಲು ಕಲಿಸಿದಾಕೆ ಹೇಳಿಕೊಟ್ಟಿದ್ದಳು. ಯಾರಾದರೂ ಬರುತ್ತಾರೇನೋ ಎಂದು ಕಾದ. ಯಾರೂ ಬರಲಿಲ್ಲ. ಶ್ರೀಲತಾ ಬಾಯಿಬಿಡಲಿಲ್ಲ, ಕೇಳದೆ ಹೇಳುವ ಹಕ್ಕು ತನಗಿನ್ನೂ ಬಂದಿಲ್ಲ ಎನ್ನಿಸಿತು.

"ಹೇಳು" ಎಂದ ಮುಕುಂದ.

ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಮತ್ತೆ ಬಲಕ್ಕೆ ನೋಡಿದಳು.

"ಎಡಗಡೆ ಖಾಲಿ. ಬಲಗಡೆ ದೂರದಲ್ಲಿ ಒಂದು ಬಿಳಿ ವ್ಯಾನ್ ಬರ್ತಾ ಇದೆ, ನಿಧಾನಕ್ಕೆ. ರಸ್ತೆ ಒದ್ದೆಯಾಗಿದೆ, ಎಲೆ ಬಿದ್ದಿದೆ, ಜಾರುತ್ತೆ. ನನಗೆ ಭಯ ಆಗ್ತಿದೆ ರೀ. ಆದ್ರೆ ದಾಟೋಕೆ ಜಾಗ ಇದೆ. ಈಗ ಬನ್ನಿ."

ಮುಕುಂದ ಇನ್ನೊಂದು ಮಾತು ಕೇಳದೆ ರಸ್ತೆಗೆ ಕಾಲಿಟ್ಟ.